ಮದುವೆಯಲ್ಲಿ ಬೆಂದ ಅರಮನೆ, ಮದುವೆಗೆಂದು ಎದ್ದ ಮಂಟಪ

1897ರ ಫೆಬ್ರವರಿ ತಿಂಗಳು. ಮೈಸೂರಿನ ಅರಮನೆಯಲ್ಲಿ ಮದುವೆಯ ಸಡಗರ. ದೊರೆ ಹತ್ತನೆಯ ಚಾಮರಾಜೇಂದ್ರ ಒಡೆಯರು ತೀರಿಕೊಂಡು ಎರಡು ವರ್ಷ ಕಳೆದಿತ್ತಷ್ಟೆ. ಪಟ್ಟಕ್ಕೆ ಬಂದಿದ್ದ ಮಗ ಇನ್ನೂ ಹನ್ನೆರಡರ ಹುಡುಗ. ರಾಜ್ಯದ ಹೊಣೆ ಹೊತ್ತಿದ್ದವರು ಮೂವತ್ತರ ಆಸುಪಾಸಿನ ವಿಧವೆ ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನ. ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ಅದು. ಮಂಗಳವಾದ್ಯದ ನಡುವೆಯೇ ಬೆಂಕಿ ಎದ್ದಿತು. ಮರದ ಕಂಬ, ಮರದ ತೊಲೆ, ಮರದ ಕೆತ್ತನೆಗಳಿಂದಲೇ ನಿಂತಿದ್ದ ಹಳೆಯ ಅರಮನೆಯ ಬಹುಭಾಗ ನೋಡನೋಡುತ್ತ ಬೂದಿಯಾಯಿತು.

ಇಂದು ಮೈಸೂರಿಗೆ ಹೋದವರು ಬಾಯಿ ತೆರೆದು ನೋಡುವ ಕಲ್ಲಿನ ಅರಮನೆ ಆ ಬೂದಿಯಿಂದ ಎದ್ದದ್ದು. ಮದುವೆಯೊಂದು ಅರಮನೆಯನ್ನು ಸುಟ್ಟಿತು. ಮುಂದೆ ಎದ್ದ ಅರಮನೆಯಲ್ಲಿ ಅತ್ಯಂತ ಚೆಂದದ ಜಾಗವೆಂದರೆ ಮದುವೆಯ ಮಂಟಪವೇ ಆಯಿತು. ಅರಸು ಮನೆತನದ ಮದುವೆ ಎಂದರೆ ಆನೆ, ಅಂಬಾರಿ, ಮುತ್ತು, ರತ್ನ ಎಂದಷ್ಟೇ ಎಣಿಸುವವರಿಗೆ ಈ ಕಥೆ ಬೇರೊಂದು ಸಂಗತಿಯನ್ನು ಹೇಳುತ್ತದೆ. ಮೆರವಣಿಗೆ ಒಂದು ದಿನದ್ದು. ಅದರ ಹಿಂದೆ ಇರುವುದು ವಂಶದ ಚಿಂತೆ, ರಾಜ್ಯದ ಲೆಕ್ಕ, ಮತ್ತು ಯಾರೂ ಕೇಳದ ಹೆಣ್ಣುಮಗಳೊಬ್ಬಳ ಬಾಳು.

ಮದುವೆಯಿಂದಲೇ ಹುಟ್ಟಿದ ರಾಜ್ಯ

ಮೈಸೂರು ಅರಸರ ವಂಶಕಥೆ ಆರಂಭವಾಗುವುದೇ ಮದುವೆಯೊಂದರಿಂದ. ಐತಿಹ್ಯದ ಪ್ರಕಾರ 1399ರಲ್ಲಿ ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ದೂರದ ದ್ವಾರಕೆಯಿಂದ ಮೈಸೂರಿನ ಕಡೆಗೆ ಬಂದರು. ಆಗ ಇಲ್ಲಿನ ಅರಸುಮನೆ ಗಂಡು ದಿಕ್ಕಿಲ್ಲದೆ ಕಂಗಾಲಾಗಿತ್ತು. ಪಕ್ಕದ ಕಾರುಗಹಳ್ಳಿಯ ಮಾರನಾಯಕ, ಮನೆಯ ಮಗಳನ್ನು ತನಗೆ ಕೊಡಬೇಕೆಂದು ಪಟ್ಟು ಹಿಡಿದಿದ್ದ. ಒಲ್ಲದ ಮದುವೆಗೆ ಒಪ್ಪಿದಂತೆ ನಟಿಸಿ ಅವನನ್ನು ಕರೆಸಿಕೊಂಡರು. ಅಡಗಿದ್ದ ಸೋದರರು ಮೇಲೆ ಬಿದ್ದು ಅವನನ್ನು ಕೊಂದರು. ಮದುಮಗನಾಗಲು ಬಂದವನು ಹೆಣವಾದ. ಯದುರಾಯ ಮದುಮಗನಾಗಿ ರಾಜ್ಯವನ್ನೂ ಪಡೆದ.

ಇದು ಗೆದ್ದವರ ಕಡೆಯಿಂದ ಬಂದ ಕಥೆ. ಮಾರನಾಯಕನ ಕಡೆಯವರು ಇದನ್ನು ಹೇಗೆ ಹೇಳುತ್ತಿದ್ದರೋ ಕೇಳಿದವರಿಲ್ಲ. ಆದರೆ ಕಥೆಯ ತಿರುಳು ಮಾತ್ರ ಸ್ಪಷ್ಟ. ಅರಸು ಮನೆಯಲ್ಲಿ ಹೆಣ್ಣು ಕೊಡುವುದೆಂದರೆ ನೆಲ ಕೊಟ್ಟ ಹಾಗೆ.

ಈ ಲೆಕ್ಕ ಮೈಸೂರಿಗೆ ಮಾತ್ರ ಸೇರಿದ್ದಲ್ಲ. ಯುರೋಪಿನ ಹ್ಯಾಬ್ಸ್‌ಬರ್ಗ್ ಮನೆತನ 1477ರಲ್ಲಿ ಬರ್ಗಂಡಿಯ ಮೇರಿಯನ್ನು ತನ್ನ ಮನೆಯ ಮ್ಯಾಕ್ಸಿಮಿಲಿಯನ್‌ಗೆ ತಂದುಕೊಂಡು, ಅದರ ಜೊತೆಗೆ ಶ್ರೀಮಂತ ನೆದರ್ಲ್ಯಾಂಡ್ಸ್ ಸೀಮೆಯ ಮೇಲೂ ಹಕ್ಕು ಸ್ಥಾಪಿಸಿತು. ಕತ್ತಿಯಿಂದ ಗೆಲ್ಲಲಾಗದ್ದನ್ನು ಉಂಗುರದಿಂದ ಗೆಲ್ಲುವುದು ಅವರ ಮನೆತನದ ನಡೆಯೇ ಆಗಿಬಿಟ್ಟಿತು.

ಮೈಸೂರು ಅರಸರು ಮಾತ್ರ ಬಹುಕಾಲ ಹೊರಗಿನ ಸಂಬಂಧಕ್ಕೆ ಕೈಚಾಚಲಿಲ್ಲ. ಕಳಲೆಯೇ ಮೊದಲಾದ ಅರಸು ಮನೆತನಗಳೊಳಗೇ ಕೊಟ್ಟು ತರುವ ಪದ್ಧತಿ ಬೆಳೆದುಬಂತು. ಒಬ್ಬರಿಗೊಬ್ಬರು ಮಾವ, ಅಳಿಯ, ಭಾವ, ಮೈದುನ. ಹಳ್ಳಿಗಳಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟು ಬಂಧುತ್ವ ಬಿಗಿಮಾಡಿಕೊಂಡಂತೆಯೇ ಇದು.

ಬರದ ನಡುವಿನ ಮದುಮಗಳು

ಸುಟ್ಟ ಅರಮನೆಯ ಎದುರು ನಿಂತ ಕೆಂಪನಂಜಮ್ಮಣ್ಣಿಯವರೂ ಕಳಲೆಯ ಮನೆಯ ಮಗಳೇ. ಅವರ ಮದುವೆ ನಡೆದದ್ದು 1878ರಲ್ಲಿ. ವಧುವಿಗೆ ಹನ್ನೆರಡು, ವರನಿಗೆ ಹದಿನೈದು. ಆಗ ರಾಜ್ಯ ಇನ್ನೂ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಅದು ಒಡೆಯರಿಗೆ ಮರಳಿದ್ದು 1881ರ ಮಾರ್ಚ್ 25ರಂದು.

ಆ ಮದುವೆಯ ಕಾಲವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಬರ ಮೈಸೂರು ಸೀಮೆಯನ್ನು ಬರಿದುಮಾಡಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕವರು 41 ಲಕ್ಷ 86 ಸಾವಿರ ಮಂದಿ ಮಾತ್ರ. ಮಳೆ ಕಡಿಮೆಯಾದ ಬಯಲುಸೀಮೆಗೆ, ಚಿತ್ರದುರ್ಗ ಮತ್ತು ತುಮಕೂರಿನ ಕಡೆಗೆ, ಪೆಟ್ಟು ಇನ್ನೂ ಜೋರು. ಸೊಸೆ ಹೊಸಿಲು ತುಳಿದು ಬಂದ ರಾಜ್ಯ ಹೀಗಿತ್ತು.

ಹದಿನಾರು ವರ್ಷದ ದಾಂಪತ್ಯ. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರ ಒಡೆಯರು ಗಂಟಲಮಾರಿಗೆ ತುತ್ತಾಗಿ ಅಲ್ಲೇ ತೀರಿಕೊಂಡರು. ಅವರಿಗಿನ್ನೂ 31 ವರ್ಷ. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಿ ರೀಜೆಂಟರಾದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಆಡಳಿತಕ್ಕೆ ಬೆನ್ನೆಲುಬಾಗಿದ್ದರು. ಗಂಡನನ್ನು ಕಳೆದುಕೊಂಡ ಹೆಣ್ಣು ಮೂಲೆ ಸೇರಬೇಕಾಗಿದ್ದ ಆ ಕಾಲದಲ್ಲಿ, ಒಬ್ಬ ವಿಧವೆ ಒಂದು ಸಂಸ್ಥಾನವನ್ನು 1902ರವರೆಗೆ ನಡೆಸಿದರೆಂಬುದು ಸಾಮಾನ್ಯ ಸಂಗತಿಯಲ್ಲ.

ಅವರ ಹೊಣೆಯಲ್ಲಿ ಮೊದಲು ನಡೆದ ದೊಡ್ಡ ಮದುವೆಯೇ 1897ರದ್ದು. ವರ ಸರ್ದಾರ್ ಎಂ. ಕಾಂತರಾಜೇ ಅರಸು. ಮಹಾರಾಣಿಯವರ ತಮ್ಮ, ಅಂದರೆ ವಧುವಿಗೆ ಸೋದರಮಾವ. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು ಇವರೇ.

ಪ್ಯಾರಿಸ್ಸಿನಲ್ಲೂ ಇದೇ ಕಥೆ

ಮದುವೆಯ ಸಂಭ್ರಮ ಸೂತಕವಾಗಿ ತಿರುಗಿದ ಇನ್ನೊಂದು ಉದಾಹರಣೆ ಫ್ರಾನ್ಸಿನ ಚರಿತ್ರೆಯಲ್ಲಿದೆ. 1770ರಲ್ಲಿ ಆಸ್ಟ್ರಿಯದ ರಾಜಕುಮಾರಿ ಮೇರಿ ಆಂಟೋನೆಟ್‌ಳನ್ನು ಫ್ರಾನ್ಸಿನ ಯುವರಾಜನಿಗೆ ತಂದುಕೊಂಡರು. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೈದು. ತಲೆಮಾರುಗಳಿಂದ ಕಾದಾಡಿದ್ದ ಎರಡು ರಾಜ್ಯಗಳ ನಡುವೆ ಬೆಸುಗೆ ಹಾಕುವುದು ಹಿರಿಯರ ಉದ್ದೇಶ.

ಏಪ್ರಿಲ್ 19ರಂದು ವಿಯೆನ್ನಾದಲ್ಲಿ ವರನಿಲ್ಲದೆಯೇ ಮದುವೆ ನಡೆಯಿತು. ವರನ ಜಾಗದಲ್ಲಿ ನಿಂತವನು ವಧುವಿನ ಅಣ್ಣ. ಬಳಿಕ ದಿಬ್ಬಣ ಹೊರಟು ರೈನ್ ನದಿಯ ನಡುಗಡ್ಡೆಯೊಂದಕ್ಕೆ ಬಂತು. ಅಲ್ಲಿ ತವರಿನ ಉಡುಪನ್ನೆಲ್ಲ ತೆಗೆಸಿ ಗಂಡನ ನಾಡಿನ ಉಡುಪು ತೊಡಿಸಿ, ಆ ಹುಡುಗಿಯನ್ನು ಫ್ರಾನ್ಸಿಗೆ ಒಪ್ಪಿಸಿದರು. ನಮ್ಮಲ್ಲಿ ಹೆಣ್ಣೊಪ್ಪಿಸುವಾಗ ಹೆತ್ತವರು ಕಣ್ಣೀರಿಡುತ್ತಾರೆ. ಅಲ್ಲಿ ತಾಯಿ ಮರಿಯಾ ಥೆರೇಸಾ ಎಷ್ಟೋ ಹರದಾರಿ ದೂರದ ವಿಯೆನ್ನಾದಲ್ಲೇ ಉಳಿದಿದ್ದಳು.

ಮೇ 16ರಂದು ವರ್ಸೈಲ್ಸ್ ಅರಮನೆಯಲ್ಲಿ ಮುಖ್ಯ ಸಮಾರಂಭ. ಆ ಮದುವೆಗೆಂದೇ ಕಟ್ಟಿ ಮುಗಿಸಿದ ನಾಟಕಶಾಲೆ ಅಂದೇ ಬಾಗಿಲು ತೆರೆಯಿತು. ಎರಡು ವಾರ ಕಳೆದು, ಮೇ 30ರಂದು, ಪ್ಯಾರಿಸ್ ನಗರದ ಜನ ತಮ್ಮ ಲೆಕ್ಕದಲ್ಲಿ ಬಾಣಬಿರುಸು ಏರ್ಪಡಿಸಿದರು. ಬೆಂಕಿ ಅಡ್ಡಾದಿಡ್ಡಿ ಹೊತ್ತಿತು, ಜನ ಗಾಬರಿಯಾಗಿ ಇಕ್ಕಟ್ಟಾದ ಬೀದಿಗೆ ನುಗ್ಗಿದರು. ಕಾಲ್ತುಳಿತದಲ್ಲಿ 132 ಮಂದಿ ಸತ್ತರೆಂದು ಆಗಿನ ಲೆಕ್ಕ ಹೇಳುತ್ತದೆ. 23 ವರ್ಷ ಕಳೆದ ಮೇಲೆ ಅದೇ ಚೌಕದಲ್ಲಿ ಆ ಗಂಡಹೆಂಡಿರಿಬ್ಬರ ತಲೆಯೂ ಉರುಳಿತು.

ಮೈಸೂರಿನ ಬೆಂಕಿಯ ಮುಂದಿನ ಕಥೆ ಹಾಗಾಗಲಿಲ್ಲ. ಅದೇ 1897ರ ಅಕ್ಟೋಬರ್‌ನಲ್ಲಿ ಹೊಸ ಅರಮನೆಯ ಕೆಲಸ ಆರಂಭವಾಯಿತು. ನಕ್ಷೆ ಬರೆದವರು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಶಸ್ತ್ಯ. ಮರಕ್ಕೆ ಒಮ್ಮೆ ಸೋತವರು ಮತ್ತೆ ಪೂರ್ತಿ ಮರವನ್ನೇ ನಂಬಲಿಲ್ಲ. 1912ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಖರ್ಚಾದದ್ದು 41 ಲಕ್ಷ ರೂಪಾಯಿಗೂ ಹೆಚ್ಚು.

ದ್ವಾರಕೆಯ ದಿಕ್ಕಿನಿಂದ ಬಂದ ಸೊಸೆ

ಅರಮನೆಯ ಗೋಡೆಗಳು ಏಳುತ್ತಿರುವಾಗಲೇ ಇನ್ನೊಂದು ಮದುವೆ ಕೂಡಿಬಂತು. ಈ ಸಲ ಮದುಮಗ ಸ್ವತಃ ಮಹಾರಾಜ. 1900ರ ಜೂನ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹ ನಡೆಯಿತು. ಎರಡು ದಿನದ ಹಿಂದಷ್ಟೆ ಅವರಿಗೆ ಹದಿನಾರು ತುಂಬಿತ್ತು. ವಧು ಕಾಠಿಯಾವಾಡದ ವಣಾ ಎಂಬ ಪುಟ್ಟ ಸಂಸ್ಥಾನದ ರಾಣಾ ಅವರ ಮಗಳು ಪ್ರತಾಪಕುಮಾರಿ. ಹುಟ್ಟಿದ್ದು 1889ರಲ್ಲಿ; ಲೆಕ್ಕ ಹಾಕಿದರೆ ಹನ್ನೊಂದರ ಹುಡುಗಿ.

ಮನೆ ಇನ್ನೂ ಕಟ್ಟುವ ಹಂತದಲ್ಲಿತ್ತು. ಹಾಗಾಗಿ ರಾಜ ಪರಿವಾರ ಇದ್ದದ್ದು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದ ಜಗನ್ಮೋಹನ ಅರಮನೆಯಲ್ಲಿ. ಮದುವೆಯ ಸಮಾರಂಭಕ್ಕೂ ಆ ಅರಮನೆಯೇ ಆಸರೆ. ಅದರ ಹಿಂಬದಿಯ ದೊಡ್ಡ ಸಭಾಂಗಣ ಈ ಮದುವೆಗೆಂದೇ ಎದ್ದದ್ದೆಂಬ ಮಾತಿದೆ. ಎರಡು ವರ್ಷದ ನಂತರ, 1902ರ ಆಗಸ್ಟ್ 8ರಂದು, ವೈಸ್‌ರಾಯ್ ಲಾರ್ಡ್ ಕರ್ಜನ್ ಎದುರಿನಲ್ಲಿ ಮಹಾರಾಜರು ಪೂರ್ಣಾಧಿಕಾರ ವಹಿಸಿಕೊಂಡದ್ದೂ ಜಗನ್ಮೋಹನದಲ್ಲೇ. ಮುಂದೆ ಅದು ಚಿತ್ರಶಾಲೆಯಾಯಿತು. ರಾಜಾ ರವಿವರ್ಮನ ಚಿತ್ರಗಳನ್ನು ನೋಡಲು ಅಲ್ಲಿಗೆ ಹೋದವರಲ್ಲಿ ಎಷ್ಟು ಮಂದಿಗೆ ಅದೊಂದು ಮದುವೆ ಮನೆಯಾಗಿತ್ತೆಂಬ ನೆನಪು ಬಂದೀತು?

ಮೈಸೂರಿಗೆ ಆಗ ಇನ್ನೂ ವಿದ್ಯುತ್ ಬಂದಿರಲಿಲ್ಲ. ನಗರದಲ್ಲಿ ವಿದ್ಯುದ್ದೀಪ ಹೊತ್ತಿದ್ದು 1908ರಲ್ಲಿ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ಮೈಸೂರನ್ನೂ ಬಿಟ್ಟಿರಲಿಲ್ಲ. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರ ನೆನಪು ಹಸಿಯಾಗಿದ್ದ ಕಾಲ. ಇಂದು ಭಾನುವಾರ ಸಂಜೆ ಸುಮಾರು 97 ಸಾವಿರ ಬಲ್ಬುಗಳಲ್ಲಿ ಜಗಮಗಿಸುವ ಅರಮನೆಯನ್ನು ಕಂಡವರು, ದೀಪ ಪಂಜುಗಳ ಬೆಳಕಿನ ಆ ಸಂಭ್ರಮವನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಬೇಕು.

ಈ ಸಂಬಂಧದ ಹಿಂದೆ ಒಂದು ಸ್ವಾರಸ್ಯವಿದೆ. ಕಾಠಿಯಾವಾಡ ಎಂದರೆ ಸೌರಾಷ್ಟ್ರ; ದ್ವಾರಕೆ ಇರುವುದು ಅದೇ ಸೀಮೆಯಲ್ಲಿ. ಮೂಲಪುರುಷ ದ್ವಾರಕೆಯಿಂದ ಬಂದನೆಂದು ಹೇಳಿಕೊಳ್ಳುವ ಮನೆತನಕ್ಕೆ ಐನೂರು ವರ್ಷ ಕಳೆದ ಮೇಲೆ ಸೊಸೆ ಬಂದದ್ದೂ ಅದೇ ದಿಕ್ಕಿನಿಂದ. ಕಳಲೆ, ಬೆಟ್ಟದಕೋಟೆ ಎಂದು ಒಳಗೊಳಗೇ ಸುತ್ತುತ್ತಿದ್ದ ಬಂಧುತ್ವ ಮೊದಲ ಬಾರಿಗೆ ಉತ್ತರದ ರಜಪೂತ ಮನೆಗಳತ್ತ ಚಾಚಿತು. ಭಾಷೆ ಬೇರೆ, ಊಟ ಬೇರೆ, ಉಡುಗೆ ಬೇರೆ. ಹನ್ನೊಂದರ ಹುಡುಗಿ ಗುಜರಾತಿ ಮಾತಿನ ಮನೆಯಿಂದ ಕನ್ನಡದ ಮನೆಗೆ ಬಂದು ಲಕ್ಷ್ಮೀವಿಲಾಸ ಸನ್ನಿಧಾನವಾದಳು.

ಮಾವನ ಕಾನೂನು, ಸೊಸೆಯ ವಯಸ್ಸು

ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿ ಇದೆ. ಬಾಲ್ಯವಿವಾಹದ ವಿರುದ್ಧ ಇಡೀ ದೇಶದಲ್ಲೇ ಮೊದಮೊದಲು ಕಾನೂನು ತಂದ ಸಂಸ್ಥಾನಗಳಲ್ಲಿ ಮೈಸೂರು ಒಂದು. ತಂದವರು ಪ್ರತಾಪಕುಮಾರಿಯ ಮಾವ ಚಾಮರಾಜೇಂದ್ರ ಒಡೆಯರೇ; ಅವರು ತೀರಿಕೊಂಡ 1894ನೇ ಇಸವಿಯಲ್ಲಿ. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ಆ ಕಾನೂನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು.

ಈಗಿನ ಕಣ್ಣಿಗೆ ಎಂಟು ವರ್ಷದ ಮಿತಿ ನಗೆ ತರಿಸಬಹುದು, ಅಥವಾ ಎದೆ ನೋಯಿಸಬಹುದು. ಆದರೆ ತೊಟ್ಟಿಲಲ್ಲೇ ಮದುವೆ ಮುಗಿಯುತ್ತಿದ್ದ ಕಾಲಕ್ಕೆ ಅದೂ ದೊಡ್ಡ ಹೆಜ್ಜೆ. ಮಡಿವಂತರು ಧರ್ಮಕ್ಕೆ ಕೈಹಾಕಿದರೆಂದು ಕೂಗೆಬ್ಬಿಸಿದರು. ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾಯಿದೆ ಬಂದು ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ಗೆರೆ ಎಳೆದದ್ದು 1929ರಲ್ಲಿ. ಹದಿನೆಂಟು ಮತ್ತು ಇಪ್ಪತ್ತೊಂದರ ಗೆರೆ ಬಂದದ್ದು 1978ರಲ್ಲಿ.

ಹನ್ನೊಂದರ ವಧು ಆ ದಿನದ ಕಾನೂನನ್ನು ಮೀರಿರಲಿಲ್ಲ. ಆದರೆ ವಂಶ ಬೆಳೆಯಲೆಂದು ಅಷ್ಟು ದೂರದಿಂದ ತಂದ ಸಂಬಂಧದಲ್ಲಿ ಮಕ್ಕಳಾಗಲಿಲ್ಲ. ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಂಡಾಗ ಪಟ್ಟ ಹೋದದ್ದು ತಮ್ಮ ಕಂಠೀರವ ನರಸಿಂಹರಾಜ ಒಡೆಯರ ಮಗ ಜಯಚಾಮರಾಜರಿಗೆ. ಆ ತಮ್ಮನ ಮದುವೆ 1910ರಲ್ಲಿ ನಡೆದಿತ್ತು. ಹೆಣ್ಣು ಮತ್ತೆ ಅರಸು ಮನೆತನದಿಂದಲೇ. ಲಕ್ಷಗಟ್ಟಲೆ ಸುರಿದು, ಜಾತಕ ಜೋಡಿಸಿ, ಮುಹೂರ್ತ ಇಟ್ಟರೂ ಮದುವೆಯೊಂದು ಏನು ಕೊಡುತ್ತದೆಂಬುದು ಅರಸರ ಕೈಯಲ್ಲೂ ಇಲ್ಲ.

ನವಿಲುಗಳ ಮಂಟಪ

ಹೊಸ ಅರಮನೆಯಲ್ಲಿ ಮದುವೆಗೆಂದು ಬಿಟ್ಟ ಜಾಗವನ್ನು ನೋಡಿದರೆ, ಬೆಂಕಿಯ ನೆನಪನ್ನು ಅಳಿಸಲೆಂದೇ ಕಟ್ಟಿದರೇನೋ ಅನಿಸುತ್ತದೆ. ಕಲ್ಯಾಣ ಮಂಟಪ ಎಂಟು ಮೂಲೆಯದು. ನೆಟ್ಟಗೆ ಎದ್ದ ಎರಕದ ಕಬ್ಬಿಣದ ಕಂಬಗಳು. ಅವುಗಳ ಮೇಲೆ ಬಣ್ಣದ ಗಾಜಿನ ಗುಮ್ಮಟ. ಗಾಜು ಮತ್ತು ಕಂಬ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ, ಹಡಗಿನಲ್ಲಿ. ಚಾವಣಿಯ ತುಂಬ ನವಿಲು, ಹೂವು, ಬಳ್ಳಿ. ನೆಲದ ಬಣ್ಣದ ಬಿಲ್ಲೆಗಳಲ್ಲೂ ನವಿಲೇ. ಹಾಗಾಗಿ ಅದಕ್ಕೆ ನವಿಲು ಮಂಟಪ ಎಂಬ ಹೆಸರೂ ಬಂತು. ಹಗಲಿನ ಬಿಸಿಲು ಗಾಜಿನ ಮೂಲಕ ಇಳಿದು ನೆಲಕ್ಕೆ ಬಿದ್ದಾಗ ಯಾವ ರಂಗೋಲಿಯೂ ಬೇಕಿಲ್ಲ.

ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ ದೊಡ್ಡ ತೈಲಚಿತ್ರಗಳು. ಮೇಲಂತಸ್ತಿನಲ್ಲಿ ಹೆಂಗಸರು ಕುಳಿತು ನೋಡಲು ಮೊಗಸಾಲೆ. ಕುದುರೆ, ಒಂಟೆ, ಅಂಬಾರಿ ಆನೆ, ಕಾಲಾಳುಗಳ ಸಾಲು ಚಿತ್ರದಿಂದ ಚಿತ್ರಕ್ಕೆ ಸಾಗುತ್ತದೆ. ಅಡಿಗಲ್ಲಿನಿಂದ ಕಲಶದವರೆಗೆ ಊರಿನ ಕಲ್ಲುಕುಟಿಗರು, ಬಡಗಿಗಳು, ಚಿತ್ರಗಾರರು ದುಡಿದ ಕಟ್ಟಡದ ನಡುವೆ ಗ್ಲಾಸ್ಗೋದ ಗಾಜು ಹೊಂದಿಕೊಂಡು ಕುಳಿತಿದೆ. ಪರದೇಶದ ವಸ್ತು, ನಮ್ಮ ಶಾಸ್ತ್ರ. ಆ ಕಾಲದ ಮೈಸೂರೇ ಹಾಗಿತ್ತು.

ರಾಜಕುಮಾರಿಯರ ಮದುವೆಗಳೂ ಮೈಸೂರಿಗೆ ಒಂದೊಂದು ಗುರುತು ಬಿಟ್ಟುಹೋಗಿವೆ. ಬೆಂಕಿ ಬಿದ್ದ ಮದುವೆಯ ವಧು ಜಯಲಕ್ಷ್ಮಮ್ಮಣ್ಣಿಯವರಿಗೆಂದು 1905ರಲ್ಲಿ ಎದ್ದ ಜಯಲಕ್ಷ್ಮೀವಿಲಾಸ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಸೇರಿ ಜಾನಪದ ವಸ್ತುಸಂಗ್ರಹಾಲಯದ ಮನೆಯಾಯಿತು. ರಾಗಿಕಲ್ಲು, ನೊಗ, ತೊಗಲುಗೊಂಬೆಗಳು ರಾಜಕುಮಾರಿಯ ಅಂಗಳಕ್ಕೆ ಬಂದವು. ಕಿರಿಯ ತಂಗಿ ಚೆಲುವಾಜಮ್ಮಣ್ಣಿಯವರ ಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ನಡುವಣ ಕೃಷ್ಣಾಜಮ್ಮಣ್ಣಿ ಮಾತ್ರ ಕ್ಷಯಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆ ಅವರ ಹೆಸರು ಹೊತ್ತಿತು. ಮೂವರು ಮದುಮಗಳ ಹೆಸರುಗಳು ಉಳಿದದ್ದು ಹೀಗೆ, ಒಡವೆಗಳಿಂದಲ್ಲ.

ಶ್ರೀರಾಂಪುರದ ಕಡೆಗೆ ಹರಿದ ಕಥೆ

ಮೈಸೂರಿನಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರಕ್ಕೆ ಈ ಮದುವೆಗಳಿಂದ ಏನು ಬಂತು? ಆಗ ಚಿತ್ರದುರ್ಗ ಜಿಲ್ಲೆಯೂ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ರಾಗಿ, ಜೋಳ, ತೆಂಗು ಬೆಳೆದು ಕಂದಾಯ ಕಟ್ಟಿದವರಲ್ಲಿ ಈ ಕಡೆಯ ರೈತರೂ ಇದ್ದರು. ಅರಮನೆಯ ಪ್ರತಿ ಕಲ್ಲಿನಲ್ಲೂ ಅವರ ಬೆವರಿನ ಒಂದು ಪಾಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಆ ಕಾಲದ್ದೇ ಇನ್ನೊಂದು ಲೆಕ್ಕವೂ ಇದೆ. ಒಂದು ಕಡೆ ಅರಮನೆಯ ಗೋಡೆ ಏಳುತ್ತಿದ್ದಾಗಲೇ ಇನ್ನೊಂದು ಕಡೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಲ್ಲಿನ ಕಟ್ಟೆ ಏಳುತ್ತಿತ್ತು. ಕೃಷ್ಣರಾಜಸಾಗರದ ಹೆಸರೇ ಯಾರೂ ಕೇಳಿರದ ದಿನಗಳವು. ಹೊಸದುರ್ಗ ಸೀಮೆಯನ್ನು ಹಾದುಬರುವ ವೇದಾವತಿಯ ನೀರು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ನಿಂತಿತು. 1907ರಲ್ಲಿ ಕೆಲಸ ಮುಗಿಯಿತು. ಕಟ್ಟೆಗೆ ಮಹಾರಾಣಿಯವರ ಹೆಸರಿಟ್ಟರು: ವಾಣೀವಿಲಾಸ ಸಾಗರ. ಹಿಡಿಯುವ ನೀರು ಸುಮಾರು 30 ಟಿಎಂಸಿ.

ಬರ ನಾಡನ್ನು ನುಂಗುತ್ತಿದ್ದಾಗ ಮದುಮಗಳಾಗಿ ಬಂದವರ ಹೆಸರು ಬರದ ಸೀಮೆಯ ಅತಿ ದೊಡ್ಡ ಕೆರೆಗೆ ಸೇರಿತು. 1878ರ ಹನ್ನೆರಡರ ಹುಡುಗಿಗೆ ಇದಕ್ಕಿಂತ ದೊಡ್ಡ ಬಳುವಳಿಯನ್ನು ಯಾರು ಕೊಡಬಲ್ಲರು?

ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಕಾಣಲು 89 ವರ್ಷ ಕಾಯಬೇಕಾಯಿತು. 2022ರಲ್ಲಿ ಅದು ತುಂಬಿ ಹರಿದಾಗ ಜಿಲ್ಲೆಯ ಮೂಲೆಮೂಲೆಯಿಂದ ಜನ ಜಾತ್ರೆಯಂತೆ ಹೋಗಿ ನೋಡಿಬಂದರು. ಹಿನ್ನೀರು ಹತ್ತಿದ ಹೊಸದುರ್ಗ ತಾಲ್ಲೂಕಿನ ಹೊಲಗಳವರಿಗೆ ಮಾತ್ರ ಆ ಸಂಭ್ರಮದ ಜೊತೆಗೆ ಚಿಂತೆಯೂ ಬಂತು. ದೊಡ್ಡವರ ಕೊಡುಗೆಗೂ ಬೆಲೆ ತೆರುವವರು ಯಾರೋ ಇರುತ್ತಾರೆ.

ಅರಮನೆಯ ಶಾಸ್ತ್ರ, ಹಟ್ಟಿಯ ಶಾಸ್ತ್ರ

ಮದುವೆಯ ಶಾಸ್ತ್ರಗಳ ವಿಷಯಕ್ಕೆ ಬಂದರೆ ಅರಮನೆಗೂ ಹಳ್ಳಿಗೂ ಎಷ್ಟು ದೂರ? ಹತ್ತಿರದಿಂದ ನೋಡಿದರೆ ಅಂತರ ಕಿರಿದಾಗುತ್ತದೆ. ಶ್ರೀರಾಂಪುರದ ಬೀದಿಯಲ್ಲಿ ಚಪ್ಪರ ಹಾಕುವವರು ಮೊದಲು ಹಾಲುಗಂಬ ನೆಡುತ್ತಾರೆ. ಅರಮನೆಯವರೂ ಚಪ್ಪರಕ್ಕೆ ಪೂಜೆ ಮಾಡಿಯೇ ಮುಂದುವರಿಯುತ್ತಾರೆ. ಇಲ್ಲಿ ಊರ ದೇವರಿಗೆ, ಮನೆದೇವರಿಗೆ ಮೊದಲ ಕಾಯಿ. ಅಲ್ಲಿ ಗಣಪತಿಗೆ, ಬೆಟ್ಟದ ಚಾಮುಂಡಿಗೆ. ಎಣ್ಣೆ ಅರಿಶಿನದ ಶಾಸ್ತ್ರ, ವರಪೂಜೆ, ಧಾರೆ, ತಾಳಿ, ಏಳು ಹೆಜ್ಜೆ, ಅರುಂಧತಿ ನಕ್ಷತ್ರ ತೋರಿಸುವುದು, ಗಂಡಹೆಂಡಿರು ನಗುನಗುತ್ತ ಆಡುವ ಉರುಟಣೆ, ಕೊನೆಗೆ ನಾಗವಲ್ಲಿ: ಹೆಸರುಗಳು ಅವೇ.

ವ್ಯತ್ಯಾಸವಿರುವುದು ಮೈಗೆ ತೊಡುವುದರಲ್ಲಿ ಮತ್ತು ನೋಡುವವರ ಸಂಖ್ಯೆಯಲ್ಲಿ. ಹಳ್ಳಿಯ ಮದುಮಗನಿಗೆ ಬೆಂಡಿನ ಬಾಸಿಂಗ. ಅರಸನಿಗೆ ಮುತ್ತಿನ ಬಾಸಿಂಗ. ಹಳ್ಳಿಯ ಧಾರೆಗೆ ಓಲಗದವರು ಗಟ್ಟಿಮೇಳ ಬಾರಿಸಿದರೆ, ಮೈಸೂರು ಅರಮನೆಯಲ್ಲಿ ನಾಗಸ್ವರದ ಜೊತೆಗೆ ಬ್ಯಾಂಡೂ ಉಂಟು. ಆದರೆ ಧಾರೆಯ ನೀರು ಕೈಮೇಲೆ ಬೀಳುವಾಗ ಹೆತ್ತವಳ ಕಣ್ಣಲ್ಲಿ ಬರುವ ನೀರಿಗೆ ಅರಮನೆಯ ನೀರು, ಗುಡಿಸಲ ನೀರು ಎಂಬ ಬೇಧವಿಲ್ಲ.

ಯುರೋಪಿನಲ್ಲಿ ಹೀಗಿರಲಿಲ್ಲವೆಂದೇನಿಲ್ಲ. ಅಲ್ಲೂ ಅರಸರ ಮನೆಯ ನಡೆಯನ್ನು ಜನ ಅನುಸರಿಸಿದರು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿಯ ಉಡುಪು ತೊಟ್ಟು ಮದುವೆಯಾದಳು. ಬಿಳಿ ಬಟ್ಟೆ ಅಲ್ಲಿನ ಮದುಮಗಳ ಗುರುತಾಗಿ ಹಬ್ಬಿದ್ದಕ್ಕೆ ಅದೂ ದೊಡ್ಡ ಕಾರಣ. 1981ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ನಡೆದ ಚಾರ್ಲ್ಸ್ ಮತ್ತು ಡಯಾನಾ ಮದುವೆಯನ್ನು ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನ ಟೀವಿಯಲ್ಲಿ ನೋಡಿದರು. ಹದಿನೈದು ವರ್ಷ ತುಂಬಿದ ಮೇಲೆ, 1996ರಲ್ಲಿ, ಅದೇ ಜೋಡಿ ವಿಚ್ಛೇದನ ಪಡೆದದ್ದನ್ನೂ ಅದೇ ಜನ ಓದಿದರು. ಸಂಭ್ರಮದ ಅಳತೆಗೂ ಸಂಸಾರದ ಸುಖಕ್ಕೂ ನಂಟಿಲ್ಲ.

ರಾಜ್ಯವಿಲ್ಲದ ರಾಜಮದುವೆ

ಸ್ವಾತಂತ್ರ್ಯ ಬಂತು, ಸಂಸ್ಥಾನ ಕರಗಿತು. 1971ರಲ್ಲಿ ರಾಜಧನವೂ ರದ್ದಾಯಿತು. 1976ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಪ್ರಮೋದಾದೇವಿಯವರನ್ನು ವರಿಸಿದಾಗ ಅದು ಕಾನೂನಿನ ಕಣ್ಣಿಗೆ ಒಬ್ಬ ಪ್ರಜೆಯ ಮನೆಯ ಮದುವೆ. ಆ ಬಳಿಕ ನಲವತ್ತು ವರ್ಷ ಅರಮನೆ ಮದುವೆಯ ಓಲಗ ಕೇಳಲಿಲ್ಲ. ಪ್ರವಾಸಿಗರು ಪಾದರಕ್ಷೆ ಕಳಚಿ, ಸಾಲಿನಲ್ಲಿ ನಡೆದು, ನವಿಲುಗಳನ್ನು ತಲೆಯೆತ್ತಿ ನೋಡಿ ಮುಂದೆ ಸಾಗಿದರು.

ಶ್ರೀಕಂಠದತ್ತರು 2013ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಪ್ರಮೋದಾದೇವಿಯವರು 2015ರಲ್ಲಿ ಮನೆತನದ ಮೊಮ್ಮಗ ಯದುವೀರರನ್ನು ದತ್ತು ತೆಗೆದುಕೊಂಡರು. ಮತ್ತೆ ಒಬ್ಬ ವಿಧವೆ ತಾಯಿ, ಮತ್ತೆ ಮನೆತನದ ಮುಂದುವರಿಕೆಯ ಹೊಣೆ. ಇತಿಹಾಸ ತಿರುತಿರುಗಿ ಅದೇ ಹೊಸಿಲಿಗೆ ಬಂದು ನಿಲ್ಲುತ್ತದೆ.

2016ರ ಜೂನ್ 27ರ ಬೆಳಿಗ್ಗೆ ನವಿಲು ಮಂಟಪದಲ್ಲಿ ಮತ್ತೆ ಧಾರೆ ಎರೆದರು. ವಧು ರಾಜಸ್ಥಾನದ ಡುಂಗರಪುರ ರಾಜಮನೆತನದ ತ್ರಿಷಿಕಾ ಕುಮಾರಿ. 1900ರಲ್ಲಿ ಕಾಠಿಯಾವಾಡದಿಂದ ಬಂದ ಸೊಸೆಯಂತೆ ಈಕೆಯೂ ಪಶ್ಚಿಮ ಭಾರತದ ರಜಪೂತ ಮನೆಯ ಮಗಳು. ಆದರೆ ನಡುವಿನ 116 ವರ್ಷದಲ್ಲಿ ಎಷ್ಟೊಂದು ಬದಲಾಗಿತ್ತು! ಇಬ್ಬರೂ ಕಾನೂನಿನ ವಯಸ್ಸು ದಾಟಿದವರು, ಓದಿದವರು. ವೈಸ್‌ರಾಯ್ ಇಲ್ಲ, ರೆಸಿಡೆಂಟ್ ಇಲ್ಲ. ಹೆಣ್ಣಿನೊಂದಿಗೆ ನೆಲವನ್ನೂ ಗೆಲ್ಲುವ ಲೆಕ್ಕವಿಲ್ಲ. ಹೊರಗೆ ನಿಂತು ನೋಡಿದ ಜನ ಪ್ರಜೆಗಳಲ್ಲ, ಮತದಾರರು. 2024ರಲ್ಲಿ ಅದೇ ಯದುವೀರರು ಕೈಮುಗಿದು ಮತ ಕೇಳಿ ಮೈಸೂರು–ಕೊಡಗಿನ ಸಂಸದರಾದರು.

ಹಾಗಿದ್ದರೂ ಆ ಬೆಳಿಗ್ಗೆ ಮೈಸೂರಿನ ಎಷ್ಟೋ ಮನೆಗಳಲ್ಲಿ ತಮ್ಮದೇ ಮನೆಯ ಮದುವೆ ಎಂಬಂಥ ಸಡಗರವಿತ್ತು. ಅರಸೊತ್ತಿಗೆಯ ಮೇಲಿನ ಭಕ್ತಿಯೊಂದೇ ಇದಕ್ಕೆ ಕಾರಣವಲ್ಲ. ಊರಿನ ನೆನಪುಗಳೆಲ್ಲ ಕಟ್ಟಿಕೊಂಡಿರುವ ಮನೆಯೊಂದರಲ್ಲಿ ದೀಪ ಹತ್ತಿದೆ ಎಂಬ ಸಮಾಧಾನ ಅದು. ಬೆಂಕಿ ಬಿದ್ದ ಮನೆಯಲ್ಲಿ ಮತ್ತೆ ಒಲೆ ಹೊತ್ತಿದರೆ ನೆರೆಮನೆಯವರಿಗೂ ನೆಮ್ಮದಿಯಲ್ಲವೇ?

ಮರದ ಅರಮನೆಯ ಬೂದಿ ಎಂದೋ ಗಾಳಿಗೆ ಹೋಯಿತು. ಮೆರವಣಿಗೆಯ ಆನೆ, ಪಂಜು, ಬಾಣಬಿರುಸುಗಳೂ ಹೋದವು. ನವಿಲಿನ ಗಾಜಿನಿಂದ ಬಿಸಿಲು ಈಗಲೂ ಇಳಿಯುತ್ತದೆ. ಮಾರಿಕಣಿವೆಯ ನೀರು ಈಗಲೂ ಹೊಲಕ್ಕೆ ಹರಿಯುತ್ತದೆ. ಮಗಳ ಮದುವೆಯಲ್ಲಿ ಮನೆ ಕಳೆದುಕೊಂಡ ತಾಯಿಯೊಬ್ಬರ ಕಾಲದಲ್ಲಿ ಆರಂಭವಾದ ಕೆಲಸಗಳಿವು.